ಫೆಮ್ಟೋಮೋಲಾರ್ ಯಾರಿಗೆ ಬೇಕು? ಕ್ಯಾನ್ಸರ್ ಬಯೋಸೆನ್ಸರ್ ಆಯ್ಕೆಗೊಂದು ಮಾರ್ಗದರ್ಶಿ

ಕ್ಯಾನ್ಸರ್ ಪತ್ತೆಗೆಂದು ರೂಪಿಸಿದ ಬಯೋಸೆನ್ಸರ್‌ಗಳ, ಅಂದರೆ ರಕ್ತದಂಥ ಮಾದರಿಯಲ್ಲಿ ನಿರ್ದಿಷ್ಟ ಅಣುವೊಂದನ್ನು ಹಿಡಿದು ಅಳೆಯುವ ಸಾಧನಗಳ ಕುರಿತ ಸಂಶೋಧನಾ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಒಂದು ಅಂಕಿಯನ್ನು ಮುಂದೆ ಹಿಡಿದುಕೊಂಡು ಬರುತ್ತವೆ: ಪತ್ತೆಮಿತಿ, ಅಂದರೆ ಸೆನ್ಸರ್ ಕಾಣಬಲ್ಲ ಅತಿ ಕಡಿಮೆ ಸಾಂದ್ರತೆ. ಇಷ್ಟು ಫೆಮ್ಟೋಮೋಲಾರ್, ಇಷ್ಟು ಅಟ್ಟೋಮೋಲಾರ್. (ಮೋಲಾರ್ ಎಂಬುದು ಸಾಂದ್ರತೆಯ ಅಳತೆ; ನ್ಯಾನೋ, ಪಿಕೋ, ಫೆಮ್ಟೋ, ಅಟ್ಟೋ, ಜೆಪ್ಟೋ ಎಂದು ಸಾಗಿದಂತೆ ಪ್ರತಿಯೊಂದೂ ಹಿಂದಿನದರ ಸಾವಿರದಲ್ಲೊಂದು ಪಾಲು.) ಅಂಕಿ ಕಿರಿದಾದಷ್ಟೂ ಸೆನ್ಸರ್ ಹಿರಿದು ಎಂಬ ನಂಬಿಕೆ ಅದರ ಹಿಂದಿದೆ. ಕ್ಷೇತ್ರಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳೂ ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಅತಿ ಚಿಕ್ಕದು ಯಾವುದೋ ಆ ವಿಧಾನವನ್ನು ಆರಿಸಿಕೊಂಡುಬಿಡುತ್ತಾರೆ. ಆಯ್ಕೆಯನ್ನು ಆರಂಭಿಸಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ವೈದ್ಯಕೀಯ ನಿರ್ಧಾರಕ್ಕೆ, ಯಾವ ಮಾದರಿಯಲ್ಲಿ, ಎಷ್ಟು ಸಾಂದ್ರತೆಯ ಆಸುಪಾಸಿನಲ್ಲಿ ಅಳೆಯಬೇಕು ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧಕ್ಕರ್ಧ ವಿಧಾನಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಬೀಳುತ್ತವೆ.

ಒಂದೇ ಪ್ರೋಟೀನು, ಮೂರು ಬೇರೆ ಸೆನ್ಸರ್‌ಗಳು

ಪ್ರಾಸ್ಟೇಟ್ ಕ್ಯಾನ್ಸರ್ ತಪಾಸಣೆಯಲ್ಲಿ ಬಳಕೆಯಾಗುವ ಪಿಎಸ್‌ಎ ಪ್ರೋಟೀನನ್ನೇ ತೆಗೆದುಕೊಳ್ಳಿ. ಮುಂದಿನ ಪರೀಕ್ಷೆ ಬೇಕೋ ಬೇಡವೋ ಎಂದು ಯೋಚಿಸಲು ಬಹುಕಾಲದಿಂದ ಬಳಸುತ್ತಿರುವ ಗಡಿ ಮಿಲಿಲೀಟರ್‌ಗೆ 4 ನ್ಯಾನೋಗ್ರಾಂ. ಈ ಪ್ರೋಟೀನಿನ ಅಣುತೂಕ ಸುಮಾರು 30 ಕಿಲೋಡಾಲ್ಟನ್. ಲೆಕ್ಕ ಹಾಕಿದರೆ ಗಡಿಯ ಸಾಂದ್ರತೆ ಸುಮಾರು 130 ಪಿಕೋಮೋಲಾರ್ ಆಗುತ್ತದೆ. 1971ರಲ್ಲಿ ಹುಟ್ಟಿದ ಎಲೈಸಾ ಎಂಬ ರೂಢಿಯ ಪ್ರಯೋಗಾಲಯ ತಂತ್ರವೇ ಇಷ್ಟನ್ನು ಸಲೀಸಾಗಿ ಅಳೆಯಬಲ್ಲದು. 1 ಫೆಮ್ಟೋಮೋಲಾರ್ ಪತ್ತೆಮಿತಿಯ ಸೆನ್ಸರನ್ನು ಇಲ್ಲಿ ತಂದಿಟ್ಟರೆ ಅದು ಗಡಿಗಿಂತ ಲಕ್ಷಕ್ಕೂ ಹೆಚ್ಚು ಪಟ್ಟು ಕಡಿಮೆ ಇರುವುದನ್ನು ನೋಡಬಲ್ಲದು, ನಿಜ. ಆದರೆ ಅಲ್ಲಿ ಯಾರಿಗೂ ಏನೂ ಬೇಕಾಗಿಲ್ಲ. ವೈದ್ಯರು ಕೇಳುವುದು 3.5 ಮತ್ತು 4.5ರ ನಡುವಿನ ವ್ಯತ್ಯಾಸವನ್ನು.

ಅತಿಸೂಕ್ಷ್ಮವೆಂದು ಹೆಸರಾದ ಸೆನ್ಸರ್‌ಗಳು ಎಡವುವುದೂ ಸರಿಯಾಗಿ ಅಲ್ಲಿಯೇ. ಅವುಗಳಲ್ಲಿ ಬಹಳಷ್ಟು ಸಾಂದ್ರತೆಯ ಲಾಗರಿದಮ್‌ಗೆ ಅನುಗುಣವಾಗಿ ಸಂಕೇತ ಕೊಡುತ್ತವೆ. ಹತ್ತುಪಟ್ಟಿನ ಆರು ಮೆಟ್ಟಿಲುಗಳನ್ನು, ಅಂದರೆ ಹತ್ತು ಲಕ್ಷ ಪಟ್ಟು ವ್ಯಾಪ್ತಿಯನ್ನು ಒಂದೇ ಸರಳರೇಖೆಯಲ್ಲಿ ತೋರಿಸುವ ಅಂದವಾದ ನಕ್ಷೆಯೊಂದು ಪ್ರಬಂಧದಲ್ಲಿರುತ್ತದೆ. ಆ ಪೂರ್ಣ ವ್ಯಾಪ್ತಿಯ ಸಂಕೇತದಲ್ಲಿ ಕೇವಲ ಶೇ. 2ರಷ್ಟು ಏರುಪೇರಾದರೆ ಸಾಂದ್ರತೆಯಲ್ಲಿ ಶೇ. 30ಕ್ಕೂ ಹೆಚ್ಚು ತಪ್ಪಾಗುತ್ತದೆ. ನಿಜವಾದ 4 ಎಂಬುದು 3 ಎಂದೂ ಓದಬಹುದು, 5.3 ಎಂದೂ ಓದಬಹುದು. ಮೊದಲ ವ್ಯಕ್ತಿಯನ್ನು ಮನೆಗೆ ಕಳುಹಿಸುತ್ತಾರೆ, ಎರಡನೆಯವನನ್ನು ಬಯಾಪ್ಸಿಗೆ ಕಳುಹಿಸುವ ಮಾತು ಬರುತ್ತದೆ. ಆದ್ದರಿಂದ ತಪಾಸಣೆಯ ಪಿಎಸ್‌ಎಗೆ ಬೇಕಾದದ್ದು ಕಿರಿದಾದ ವ್ಯಾಪ್ತಿ, ಕಡಿದಾದ ಇಳಿಜಾರು, ಪುನರಾವರ್ತನೆಯಲ್ಲಿ ಬಿಗಿ.

ಅದೇ ಪಿಎಸ್‌ಎಯನ್ನು ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ನಂತರ ಅಳೆಯುವುದು ಬೇರೆಯೇ ಕೆಲಸ. ಗ್ರಂಥಿಯೇ ಇಲ್ಲದ ಮೇಲೆ ಪಿಎಸ್‌ಎ ಬಹುತೇಕ ಇರಬಾರದು. 0.2 ನ್ಯಾನೋಗ್ರಾಂ ತಲುಪಿ, ಮರುಪರೀಕ್ಷೆಯಲ್ಲೂ ಅಷ್ಟೇ ಕಂಡರೆ ರೋಗ ಮರಳಿರುವ ಸೂಚನೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದಕ್ಕೂ ಮೊದಲೇ ಏರಿಕೆಯ ಗತಿಯನ್ನು ಹಿಡಿಯಬೇಕೆಂದರೆ ಅದರ ಇಪ್ಪತ್ತರಲ್ಲೊಂದು ಭಾಗದವರೆಗೂ ನಂಬಿಕೆಯಿಂದ ಅಳೆಯಬೇಕಾಗುತ್ತದೆ. ಇಲ್ಲಿ ಕಡಿಮೆ ಪತ್ತೆಮಿತಿಗೆ ನಿಜವಾದ ಬೆಲೆಯಿದೆ. ಮೂರನೆಯ ಸಂದರ್ಭ, 4ರಿಂದ 10ರ ನಡುವಿನ ಮಸುಕು ವಲಯ. ಅಲ್ಲಿ ಒಟ್ಟು ಪಿಎಸ್‌ಎಯಲ್ಲಿ ಮುಕ್ತ (ಬೇರೆ ಪ್ರೋಟೀನಿಗೆ ಅಂಟಿಕೊಂಡಿರದ) ಪಿಎಸ್‌ಎ ಪಾಲೆಷ್ಟು ಎಂದು ನೋಡುತ್ತಾರೆ. ಶೇ. 10ಕ್ಕಿಂತ ಕಡಿಮೆಯಾದರೆ ಅನುಮಾನ ಹೆಚ್ಚು, ಶೇ. 25ಕ್ಕಿಂತ ಹೆಚ್ಚಾದರೆ ಕಡಿಮೆ. ಇದು ಎರಡು ಅಳತೆಗಳ ಅನುಪಾತವಾದ್ದರಿಂದ ಒಂದೊಂದರಲ್ಲೂ ಶೇ. 10ರ ದೋಷವಿದ್ದರೆ ಅನುಪಾತದಲ್ಲಿ ಶೇ. 14ರಷ್ಟು ದೋಷ ಕೂಡುತ್ತದೆ. ಇದಕ್ಕೆ ಬೇಕಾದದ್ದು ಒಂದೇ ಚಿಪ್‌ನ ಮೇಲೆ ಒಂದೇ ಹನಿಯಲ್ಲಿ ಎರಡನ್ನೂ ಅಳೆಯುವ ವಿನ್ಯಾಸ. ಹೆಸರು ಒಂದೇ ಆದರೂ ಮೂರಕ್ಕೂ ಬೇರೆ ಬೇರೆ ಸೆನ್ಸರ್ ಕಟ್ಟಬೇಕು.

ತಪಾಸಣೆಯೋ, ನಿಗಾವೋ

ಸೆನ್ಸರ್ ಯಾರಿಗಾಗಿ ಎಂಬ ಪ್ರಶ್ನೆಯನ್ನು ಎಂಜಿನಿಯರ್‌ಗಳು ಹೆಚ್ಚಾಗಿ ವೈದ್ಯರಿಗೆ ಬಿಟ್ಟುಬಿಡುತ್ತಾರೆ. ಬಿಡಬಾರದು. ಅಂಡಾಶಯದ ಕ್ಯಾನ್ಸರ್‌ನಂಥ ವಿರಳ ರೋಗಕ್ಕೆ, ಯಾವ ಲಕ್ಷಣವೂ ಇಲ್ಲದ ಒಂದು ಲಕ್ಷ ಮಹಿಳೆಯರನ್ನು ಪರೀಕ್ಷಿಸುತ್ತೀರಿ ಎಂದಿಟ್ಟುಕೊಳ್ಳೋಣ. ಅವರಲ್ಲಿ 40 ಮಂದಿಗೆ ರೋಗವಿದೆ. ನಿಮ್ಮ ಸೆನ್ಸರ್ ಆ 40 ಮಂದಿಯನ್ನೂ ತಪ್ಪದೆ ಹಿಡಿಯಿತು. ಆರೋಗ್ಯವಂತರ ವಿಷಯದಲ್ಲಿ ನೂರಕ್ಕೆ 99 ಬಾರಿ ಸರಿಯಾಗಿ ಹೇಳಿತು. ಕೇಳಲು ಅದ್ಭುತವಾಗಿದೆ. ಆದರೂ ಸುಮಾರು ಸಾವಿರ ಆರೋಗ್ಯವಂತರಿಗೆ ಕ್ಯಾನ್ಸರ್ ಇರಬಹುದೆಂಬ ವರದಿ ಹೋಗುತ್ತದೆ. ವರದಿ ಪಡೆದ 26 ಮಂದಿಯಲ್ಲಿ ಒಬ್ಬರಿಗೆ ಮಾತ್ರ ರೋಗ. ಉಳಿದವರ ಪಾಲಿಗೆ ಭಯ, ಸ್ಕ್ಯಾನ್, ಕೆಲವೊಮ್ಮೆ ಬೇಡದ ಶಸ್ತ್ರಚಿಕಿತ್ಸೆ.

ಈ ರೋಗಕ್ಕೆ ಬಳಸುವ ಸಿಎ 125 ಎಂಬ ಗುರುತುಕಾರಕಕ್ಕೆ (ರೋಗದ ಸುಳಿವು ಕೊಡುವ ಅಣುವಿಗೆ) ರೂಢಿಯ ಗಡಿ ಮಿಲಿಲೀಟರ್‌ಗೆ 35 ಯೂನಿಟ್. ಎಂಡೋಮೆಟ್ರಿಯೋಸಿಸ್, ಮುಟ್ಟು, ಗರ್ಭಧಾರಣೆ, ಯಕೃತ್ತಿನ ಕಾಯಿಲೆ ಇವೆಲ್ಲವುಗಳಲ್ಲೂ ಅದು ಏರಬಲ್ಲದು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ದೀರ್ಘಕಾಲದ ಅಧ್ಯಯನದ ಅಂತಿಮ ಫಲಿತಾಂಶ 2021ರಲ್ಲಿ ಬಂದಾಗ, ಸಿಎ 125 ಆಧಾರಿತ ತಪಾಸಣೆಯಿಂದ ಸಾವಿನ ಪ್ರಮಾಣ ಇಳಿಯಲಿಲ್ಲ ಎಂಬುದು ಸ್ಪಷ್ಟವಾಯಿತು. ಅಲ್ಲಿ ಬಳಸಿದ ಅಳತೆಯ ಉಪಕರಣಗಳು ಮೊಂಡಾಗಿದ್ದವು ಎಂದು ಯಾರೂ ಹೇಳಲಾರರು. ಸೆನ್ಸರನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ, ಏಕೆಂದರೆ ಆರೋಗ್ಯವಂತರ ರಕ್ತದಲ್ಲೂ ಆ ಅಣು ಇದ್ದೇ ಇದೆ.

ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು ನಿಗಾ ಇಡುವ ಸೆನ್ಸರನ್ನೇ ಆರಿಸುತ್ತೇನೆ. ಚಿಕಿತ್ಸೆ ಪಡೆಯುತ್ತಿರುವ ಅಥವಾ ಮುಗಿಸಿರುವ ರೋಗಿಯಲ್ಲಿ ಅದೇ ಅಣುವನ್ನು ಪದೇ ಪದೇ ಅಳೆದು, ಅವರದೇ ಹಿಂದಿನ ಮೌಲ್ಯದ ಜೊತೆ ಹೋಲಿಸುವುದು. ಗಡಿ ಯಾವುದು ಎಂಬ ಜಗಳವೇ ಇಲ್ಲಿ ಸಣ್ಣದಾಗುತ್ತದೆ. ಇವತ್ತಿನ ಸೆನ್ಸರ್ ಮೂರು ತಿಂಗಳ ಹಿಂದಿನ ಸೆನ್ಸರ್‌ನಂತೆಯೇ ಓದುತ್ತದೆಯೇ ಎಂಬುದು ದೊಡ್ಡದಾಗುತ್ತದೆ. ತಪಾಸಣೆಯೇ ಗುರಿಯಾದರೆ ಒಂದೇ ಗುರುತುಕಾರಕವನ್ನು ನೆಚ್ಚಿಕೊಳ್ಳದೆ ಹಲವನ್ನು ಒಟ್ಟಿಗೆ ಅಳೆಯುವ ವಿಧಾನಕ್ಕೇ ಹೋಗಬೇಕು. ಅಥವಾ ಅಣುವಿನ ಬಗೆಗಿನ ಹಟವನ್ನೇ ಬಿಡಬೇಕು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಹಲವು ದೇಶಗಳಲ್ಲಿ ನಡೆಯುವ ಮಲಪರೀಕ್ಷೆ ಹುಡುಕುವುದು ಕ್ಯಾನ್ಸರಿನ ಅಣುವನ್ನಲ್ಲ, ಕಣ್ಣಿಗೆ ಕಾಣದ ರಕ್ತಸ್ರಾವದ ಹಿಮೋಗ್ಲೋಬಿನನ್ನು. ಅತಿಸೂಕ್ಷ್ಮತೆಯ ಯಾವ ಬಿರುದೂ ಅದಕ್ಕಿಲ್ಲ. ಆದರೂ ತಪಾಸಣೆಯಲ್ಲಿ ಅದು ಮಾಡುತ್ತಿರುವ ಕೆಲಸವನ್ನು ಅನೇಕ ನ್ಯಾನೋ ಸೆನ್ಸರ್‌ಗಳು ಇನ್ನೂ ಮಾಡಿ ತೋರಿಸಬೇಕಿದೆ.

ಯಾವ ಗುರುತುಕಾರಕ

ಪ್ರೋಟೀನುಗಳಿಗೆ ದಶಕಗಳ ವೈದ್ಯಕೀಯ ಅನುಭವದ ಬೆಂಬಲವಿದೆ. ಗಡಿಗಳು ಗೊತ್ತು, ಅವುಗಳನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಸಿದ್ಧವಾಗಿ ಸಿಗುತ್ತವೆ. ಮೊದಲ ಸೆನ್ಸರ್ ಕಟ್ಟುವವರಿಗೆ ಇದೇ ಸುರಕ್ಷಿತ ದಾರಿ. ಆದರೆ ಪ್ರತಿ ಪ್ರೋಟೀನಿಗೂ ತನ್ನದೇ ಕೊಂಕುಗಳಿವೆ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಬಳಸುವ ಸಿಎ 19-9 ಒಂದು ಸಕ್ಕರೆ ಸರಪಳಿಯ ರಚನೆ. ಲೂಯಿಸ್ ರಕ್ತಗುಂಪಿನ ಪ್ರತಿಜನಕವೇ ಇಲ್ಲದವರು ಅದನ್ನು ತಯಾರಿಸಲಾರರು. ಜನಸಂಖ್ಯೆಯ ಶೇ. 5ರಿಂದ 10ರಷ್ಟು ಮಂದಿ ಈ ಗುಂಪಿಗೆ ಸೇರುತ್ತಾರೆ. ಅಂಥವರ ರಕ್ತದಲ್ಲಿ ಜಗತ್ತಿನ ಅತ್ಯಂತ ಚುರುಕಾದ ಸೆನ್ಸರ್ ಕೂಡ ಸೊನ್ನೆಯ ಹತ್ತಿರವೇ ಓದುತ್ತದೆ.

ಗೆಡ್ಡೆಯಿಂದ ರಕ್ತಕ್ಕೆ ಸೇರುವ ಡಿಎನ್‌ಎ ತುಣುಕುಗಳ ವಿಷಯ ಬೇರೆ. ರೂಪಾಂತರ ಹೊಂದಿದ ತುಣುಕು ಕ್ಯಾನ್ಸರಿನದ್ದೇ ಎಂದು ಬಹಳ ಮಟ್ಟಿಗೆ ನಂಬಬಹುದು, ಹಾಗಾಗಿ ನಿರ್ದಿಷ್ಟತೆ ಹೆಚ್ಚು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಜೀನಿನ ರೂಪಾಂತರವನ್ನು ಪ್ಲಾಸ್ಮಾದಲ್ಲಿ (ರಕ್ತಕಣಗಳನ್ನು ತೆಗೆದ ರಕ್ತದ್ರವದಲ್ಲಿ) ಹುಡುಕುವ ಪರೀಕ್ಷೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿಯೇ ಒಪ್ಪಿಗೆ ಕೊಟ್ಟಿತು. ತೊಡಕಿರುವುದು ಎಣಿಕೆಯಲ್ಲಿ. ಮನುಷ್ಯನ ಒಂದು ಪ್ರತಿ ಜೀನೋಮ್ ಸುಮಾರು 3.3 ಪಿಕೋಗ್ರಾಂ ತೂಗುತ್ತದೆ. 4 ಮಿಲಿಲೀಟರ್ ಪ್ಲಾಸ್ಮಾದಲ್ಲಿ ಮಿಲಿಲೀಟರ್‌ಗೆ 5 ನ್ಯಾನೋಗ್ರಾಂನಂತೆ ಡಿಎನ್‌ಎ ಸಿಕ್ಕರೆ ಒಟ್ಟು ಸುಮಾರು 6,000 ಪ್ರತಿಗಳು. ಆರಂಭದ ಹಂತದಲ್ಲಿ ಗೆಡ್ಡೆಯ ಪಾಲು ಹತ್ತು ಸಾವಿರಕ್ಕೆ ಒಂದು ಎಂದಾದರೆ, ನಿಮ್ಮ ಕೊಳವೆಯಲ್ಲಿ ಸರಾಸರಿ 0.6 ರೂಪಾಂತರಿತ ಪ್ರತಿ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಕೊಳವೆಗಳಲ್ಲಿ ಹುಡುಕಬೇಕಾದ ತುಣುಕು ಒಂದೂ ಇರುವುದಿಲ್ಲ. ಇಲ್ಲದ್ದನ್ನು ಯಾವ ಎಲೆಕ್ಟ್ರೋಡ್ ತಾನೇ ಹಿಡಿದೀತು? ಈ ಕೊರತೆಯನ್ನು ತುಂಬುವುದು ಹೆಚ್ಚು ರಕ್ತ, ಅಥವಾ ಒಂದೇ ರೋಗಿಯ ಹಲವಾರು ರೂಪಾಂತರಗಳನ್ನು ಒಟ್ಟಿಗೆ ಹುಡುಕುವ ತಂತ್ರ. ಸೆನ್ಸರಿನ ಮೇಲ್ಮೈಗೆ ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಬಳಿಯುವುದರಿಂದ ಅದು ತುಂಬುವುದಿಲ್ಲ.

ಇದೇ ಎಣಿಕೆಯನ್ನು ಪ್ರೋಟೀನ್ ಸೆನ್ಸರ್‌ಗಳ ಮೇಲೂ ಹಾಯಿಸಿ ನೋಡುವುದು ಒಳ್ಳೆಯದು. 1 ಅಟ್ಟೋಮೋಲಾರ್ ದ್ರಾವಣದ 10 ಮೈಕ್ರೋಲೀಟರ್ ಹನಿಯಲ್ಲಿರುವುದು ಆರೇ ಆರು ಅಣು. ಇಷ್ಟು ಸಣ್ಣ ಹನಿಯಲ್ಲಿ ಜೆಪ್ಟೋಮೋಲಾರ್ ಮಟ್ಟವನ್ನು ಅಳೆದೆವು ಎನ್ನುವ ಪ್ರಬಂಧ ಕಂಡರೆ, ಅಳೆಯಲು ಅಲ್ಲಿ ಏನಿತ್ತು ಎಂದು ಕೇಳಬೇಕಾಗುತ್ತದೆ.

ಮೈಕ್ರೋ ಆರ್‌ಎನ್‌ಎಗಳು ಸುಮಾರು 22 ಅಕ್ಷರಗಳ ಚಿಕ್ಕ ಎಳೆಗಳು. ಒಂದೇ ಕುಟುಂಬದವು ಒಂದೆರಡು ಅಕ್ಷರಗಳಲ್ಲಿ ಮಾತ್ರ ಭಿನ್ನ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಕೆಲವು ಮೈಕ್ರೋ ಆರ್‌ಎನ್‌ಎಗಳ ಮಟ್ಟ ತಾನಾಗಿಯೇ ಏರಿಬಿಡುತ್ತದೆ. ಪ್ರಯೋಗಾಲಯದ ಪ್ರಾಜೆಕ್ಟಿಗೆ ಸೊಗಸಾದ ವಸ್ತು. ಆಸ್ಪತ್ರೆಗೆ ತಲುಪಿಸುವ ಗುರಿಯಿದ್ದರೆ ನಾನು ಎರಡು ಬಾರಿ ಯೋಚಿಸುತ್ತೇನೆ. ರಕ್ತದಲ್ಲಿ ಅಲೆಯುವ ಗೆಡ್ಡೆಯ ಜೀವಕೋಶಗಳ ಎಣಿಕೆಗೆ 2004ರಿಂದಲೇ ಮಾನ್ಯತೆ ಪಡೆದ ಪರೀಕ್ಷೆಯಿದೆ: ಹರಡಿದ ಸ್ತನ ಕ್ಯಾನ್ಸರಿನಲ್ಲಿ 7.5 ಮಿಲಿಲೀಟರ್ ರಕ್ತಕ್ಕೆ 5 ಅಥವಾ ಅದಕ್ಕಿಂತ ಹೆಚ್ಚು ಕೋಶಗಳಿದ್ದರೆ ಮುನ್ನೋಟ ಚೆನ್ನಾಗಿಲ್ಲ ಎಂದರ್ಥ. ಕೋಟ್ಯಂತರ ರಕ್ತಕಣಗಳ ನಡುವಿನಿಂದ ಆ ಐದನ್ನು ಸೋಸಿ ತೆಗೆಯುವುದೇ ಇಲ್ಲಿ ಮುಖ್ಯ ಕೆಲಸ, ಸೆನ್ಸರ್ ನಂತರದ್ದು.

ಹಿಡಿಯುವ ಅಣು: ಪ್ರತಿಕಾಯವೋ, ಆಪ್ಟಮರೋ

ಏಕತದ್ರೂಪಿ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕೊಟ್ಟರು. ಆಪ್ಟಮರ್ ಎಂಬ ಡಿಎನ್‌ಎ ಅಥವಾ ಆರ್‌ಎನ್‌ಎ ಎಳೆಗಳನ್ನು ಆಯ್ದು ತೆಗೆಯುವ ವಿಧಾನ 1990ರಲ್ಲಿ ಬಂತು. ಹದಿನೈದು ವರ್ಷಗಳ ಈ ಅಂತರ ಇವತ್ತಿಗೂ ಎದ್ದು ಕಾಣುತ್ತದೆ. ಮುಖ್ಯ ಕ್ಯಾನ್ಸರ್ ಪ್ರೋಟೀನುಗಳಿಗೆ ಚೆನ್ನಾಗಿ ಪರೀಕ್ಷೆಗೊಳಗಾದ ಪ್ರತಿಕಾಯ ಜೋಡಿಗಳು ಸಿಗುತ್ತವೆ. ಅಷ್ಟೇ ನೆಚ್ಚಬಹುದಾದ ಆಪ್ಟಮರ್‌ಗಳು ಕೆಲವೇ ಕೆಲವು.

ಇಲ್ಲಿ ನೋಡಬೇಕಾದ ಮೊದಲ ಅಂಕಿ ಬಂಧದ ಬಿಗಿ, ಅಂದರೆ ವಿಘಟನಾ ಸ್ಥಿರಾಂಕ: ಹಿಡಿಯುವ ಜಾಗಗಳಲ್ಲಿ ಅರ್ಧ ತುಂಬುವ ಸಾಂದ್ರತೆ; ಕಿರಿದಾದಷ್ಟೂ ಬಂಧ ಬಿಗಿ. ಅದು 1 ನ್ಯಾನೋಮೋಲಾರ್ ಆಗಿದ್ದು ನಿಮ್ಮ ಗುರಿ ಅಣು 1 ಪಿಕೋಮೋಲಾರ್ ಇದ್ದರೆ, ಮೇಲ್ಮೈಯಲ್ಲಿ ಕಾದು ಕುಳಿತ ಸಾವಿರ ಜಾಗಗಳಲ್ಲಿ ಒಂದು ಮಾತ್ರ ತುಂಬುತ್ತದೆ. ಉಳಿದ 999 ಖಾಲಿ. ಅವುಗಳ ಸುತ್ತಮುತ್ತ ಇತರ ಪ್ರೋಟೀನುಗಳು ಅಂಟಿಕೊಳ್ಳುತ್ತವೆ. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಮಿಲಿಲೀಟರ್‌ಗೆ ಸುಮಾರು 40 ಮಿಲಿಗ್ರಾಂ ಇರುತ್ತದೆ. ಗಡಿಯಲ್ಲಿರುವ ಪಿಎಸ್‌ಎಗಿಂತ ಅದು ತೂಕದಲ್ಲಿ ಒಂದು ಕೋಟಿ ಪಟ್ಟು ಹೆಚ್ಚು. ಆದ್ದರಿಂದ ನನ್ನ ಅನಿಸಿಕೆಯಲ್ಲಿ ಸಮಯವನ್ನೂ ಹಣವನ್ನೂ ಮೊದಲು ಸುರಿಯಬೇಕಾದದ್ದು ಒಳ್ಳೆಯ ಪ್ರತಿಕಾಯಕ್ಕೆ. ಬಿಗಿಯಾದ ಪ್ರತಿಕಾಯ ಮತ್ತು ಸಾಧಾರಣ ಎಲೆಕ್ಟ್ರೋಡಿನ ಜೋಡಿ, ಸಡಿಲ ಪ್ರತಿಕಾಯ ಮತ್ತು ದುಬಾರಿ ನ್ಯಾನೋ ಎಲೆಕ್ಟ್ರೋಡಿನ ಜೋಡಿಗಿಂತ ಬಹಳ ಸಲ ಮೇಲು.

ಎರಡು ಪ್ರತಿಕಾಯಗಳು ಅಣುವಿನ ಎರಡು ಬದಿ ಹಿಡಿಯುವ ಸ್ಯಾಂಡ್‌ವಿಚ್ ವಿನ್ಯಾಸ ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ದ್ರವಕ್ಕೆ) ಹೇಳಿ ಮಾಡಿಸಿದಂತಿದೆ, ಏಕೆಂದರೆ ಸುಮ್ಮನೆ ಅಂಟಿಕೊಂಡ ಅಲ್ಬುಮಿನ್‌ಗೆ ಎರಡನೆಯ ಪ್ರತಿಕಾಯ ಬಂದು ಕೂರುವುದಿಲ್ಲ. ಆದರೂ ಅದಕ್ಕೆ ಮೂರು ಕಂಟಕಗಳಿವೆ. ಗುರಿ ಅಣು ವಿಪರೀತ ಹೆಚ್ಚಿದ್ದರೆ ಎರಡೂ ಪ್ರತಿಕಾಯಗಳು ಬೇರೆ ಬೇರೆ ಅಣುಗಳಿಂದ ತುಂಬಿಹೋಗಿ ಸಂಕೇತ ಇಳಿಯುತ್ತದೆ. ತೀವ್ರ ರೋಗವಿರುವವರ ಫಲಿತಾಂಶ ಸಾಧಾರಣವೆಂಬಂತೆ ಕಾಣುತ್ತದೆ. ಎರಡನೆಯದು, ಕೆಲವರ ರಕ್ತದಲ್ಲಿ ಪ್ರಾಣಿಮೂಲದ ಪ್ರತಿಕಾಯಗಳಿಗೇ ಅಂಟುವ ಪ್ರತಿಕಾಯಗಳಿದ್ದು, ಗುರಿ ಅಣು ಇಲ್ಲದೆಯೂ ಸೇತುವೆ ಕಟ್ಟಿಬಿಡುತ್ತವೆ. ಮೂರನೆಯದು ಬಯೋಟಿನ್. ಕೂದಲು, ಉಗುರಿಗೆಂದು ಹೆಚ್ಚಿನ ಪ್ರಮಾಣದಲ್ಲಿ ಈ ವಿಟಮಿನ್ ನುಂಗುವವರ ಮಾದರಿಯಲ್ಲಿ, ಬಯೋಟಿನ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಪ್ರೋಟೀನಿನ ಬಂಧ ಬಳಸುವ ಪರೀಕ್ಷೆಗಳು ತಪ್ಪು ಓದುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ನಿಮ್ಮ ಸೆನ್ಸರಿನಲ್ಲಿ ಈ ಜೋಡಿಯನ್ನು ಬಳಸುವ ಮುನ್ನ ಇದು ನೆನಪಿರಲಿ.

ಆಪ್ಟಮರ್‌ಗೆ ಒಪ್ಪುವ ಜಾಗ ಬೇರೆ. ಅದನ್ನು ರಾಸಾಯನಿಕವಾಗಿ ತಯಾರಿಸಬಹುದು, ತುದಿಗೆ ಗಂಧಕದ ಕೊಂಡಿ ಸೇರಿಸಿ ಚಿನ್ನದ ಮೇಲೆ ನೆಡಬಹುದು, ಬಿಸಿಯಾಗಿ ಬಿಚ್ಚಿಕೊಂಡರೂ ಮತ್ತೆ ಮಡಚಿಕೊಳ್ಳುತ್ತದೆ. ಇನ್ನೊಂದು ತುದಿಗೆ ವಿದ್ಯುತ್ ಸಂಕೇತ ಕೊಡುವ ಮೆಥಿಲೀನ್ ಬ್ಲೂ ಎಂಬ ಬಣ್ಣ ಜೋಡಿಸಿದರೆ, ಗುರಿ ಅಣು ಬಂದು ಕೂತಾಗ ಎಳೆಯ ಆಕಾರ ಬದಲಾಗಿ ವಿದ್ಯುತ್ ಸಂಕೇತ ಬದಲಾಗುತ್ತದೆ. ತೊಳೆಯುವ ಹಂತವೇ ಬೇಡ. ನಿರಂತರವಾಗಿ ಅಳೆಯಬೇಕಾದ, ಸಾಂದ್ರತೆ ಹೆಚ್ಚಿರುವ ಅಣುಗಳಿಗೆ ಇದು ಬಲು ಚೆನ್ನ. ರಕ್ತದ ನ್ಯೂಕ್ಲಿಯೇಸ್ ಕಿಣ್ವಗಳು ಅದನ್ನು ಕತ್ತರಿಸುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಗುರಿ ಅಣುವಿನ ಅಚ್ಚೊತ್ತಿದ ಪಾಲಿಮರ್‌ಗಳು ಮೂರನೆಯ ಆಯ್ಕೆ: ಗಟ್ಟಿಮುಟ್ಟು, ಸಣ್ಣ ಅಣುಗಳಿಗೆ ಸರಿ, ದೊಡ್ಡ ಪ್ರೋಟೀನುಗಳಿಗೆ ಇನ್ನೂ ಕಷ್ಟ.

ಸಂಕೇತದ ವಿಧಾನಗಳು

ವಿದ್ಯುದ್ರಾಸಾಯನಿಕ ಸೆನ್ಸರ್‌ಗಳ ವಂಶಾವಳಿ 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ರೂಪಿಸಿದ ಗ್ಲೂಕೋಸ್ ಎಲೆಕ್ಟ್ರೋಡಿಗೆ ಹೋಗುತ್ತದೆ. ರಕ್ತ ಕೆಂಪಾಗಿದ್ದರೇನು, ಕದಡಿದ್ದರೇನು, ವಿದ್ಯುತ್ ಪ್ರವಾಹಕ್ಕೆ ಅದರ ಗೊಡವೆಯಿಲ್ಲ. ಉಪಕರಣ ಅಂಗೈಯಲ್ಲಿ ಹಿಡಿಸುತ್ತದೆ. ಮುದ್ರಿತ ಇಂಗಾಲದ ಎಲೆಕ್ಟ್ರೋಡುಗಳನ್ನು ಬಳಸಿ ಬಿಸಾಡಬಹುದು. ರೋಗಿಯ ಪಕ್ಕದಲ್ಲೇ ನಡೆಯಬೇಕಾದ ಪರೀಕ್ಷೆಗೆ ನನ್ನ ಮೊದಲ ಆಯ್ಕೆ ಇದೇ. ಆದರೆ ಇದರೊಳಗೇ ಇನ್ನೊಂದು ಕವಲಿದೆ, ಹೆಚ್ಚಿನವರು ದಾರಿ ತಪ್ಪುವುದು ಅಲ್ಲಿ.

ಪ್ರತಿರೋಧದ ರೋಹಿತ ಅಳೆಯುವ ಇಂಪಿಡೆನ್ಸ್ ವಿಧಾನಕ್ಕೆ ಗುರುತುಚೀಟಿ, ಅಂದರೆ ಸಂಕೇತ ಕೊಡಲೆಂದು ಜೋಡಿಸುವ ಕಿಣ್ವ ಅಥವಾ ಬಣ್ಣ, ಬೇಡ: ಗುರಿ ಅಣು ಮೇಲ್ಮೈಗೆ ಅಂಟಿದರೆ ಎಲೆಕ್ಟ್ರಾನುಗಳ ದಾರಿ ಕಟ್ಟಿ ಪ್ರತಿರೋಧ ಏರುತ್ತದೆ. ಹಂತಗಳು ಕಡಿಮೆ, ಬಫರ್ ಎಂಬ ಶುದ್ಧ ಲವಣ ದ್ರಾವಣದಲ್ಲಿ ಫಲಿತಾಂಶ ಮನಸೂರೆಗೊಳ್ಳುತ್ತದೆ. ಸೀರಮ್‌ಗೆ ಇಳಿಸಿದ ಕೂಡಲೇ ಅಲ್ಬುಮಿನ್ ಕೂಡ ಅದೇ ದಾರಿಯನ್ನು ಕಟ್ಟುತ್ತದೆ, ಮತ್ತು ಯಾರು ಕಟ್ಟಿದರು ಎಂಬುದು ಸೆನ್ಸರ್‌ಗೆ ಗೊತ್ತಾಗುವುದಿಲ್ಲ. ಗುರುತುಚೀಟಿಯೂ ಬೇಡ, ತೊಳೆಯುವುದೂ ಬೇಡ, ಸೀರಮ್‌ನಲ್ಲಿ ನಿಖರತೆಯೂ ಬೇಕು ಎಂದರೆ ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂದಂತಾಗುತ್ತದೆ. ಇದಕ್ಕೆ ಬದಲಾಗಿ ಕಾಂತೀಯ ಮಣಿಗಳ ಮೇಲೆ ಸ್ಯಾಂಡ್‌ವಿಚ್ ಕಟ್ಟಿ, ತೊಳೆದು, ಪೆರಾಕ್ಸಿಡೇಸ್ ಕಿಣ್ವದ ಉತ್ಪನ್ನವನ್ನು ಎಲೆಕ್ಟ್ರೋಡಿನಲ್ಲಿ ಅಳೆಯುವ ಹಳೆಯ ದಾರಿ ನೀರಸವಾಗಿ ಕಾಣಬಹುದು. ಆದರೆ ಮಾದರಿ ಒಂದು ಕಡೆ, ಎಲೆಕ್ಟ್ರೋಡ್ ಇನ್ನೊಂದು ಕಡೆ ಇರುವುದರಿಂದ ಎಲೆಕ್ಟ್ರೋಡು ಕೊಳೆಯಾಗುವುದಿಲ್ಲ. ಸೀರಮ್ ಎಂದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಮೇಲ್ಮೈ ಪ್ಲಾಸ್ಮಾನ್ ಅನುರಣನ ಚಿನ್ನದ ತೆಳುಪದರದ ಮೇಲೆ ಅಣುಗಳು ಬಂದು ಕೂರುವುದನ್ನೂ ಎದ್ದು ಹೋಗುವುದನ್ನೂ ಆ ಕ್ಷಣದಲ್ಲೇ ತೋರಿಸುತ್ತದೆ. 1983ರಲ್ಲಿ ಇದನ್ನು ಜೈವಿಕ ಸಂವೇದನೆಗೆ ಬಳಸಿದರು, 1990ರಲ್ಲಿ ಮಾರುಕಟ್ಟೆಗೆ ಬಂತು. ಪ್ರತಿಕಾಯದ ಬಿಗಿಯನ್ನು ಅಳೆಯಲು ಇದಕ್ಕೆ ಸಾಟಿಯಿಲ್ಲ. ಉಷ್ಣತೆಯ ಸಣ್ಣ ಬದಲಾವಣೆಗೂ ಪ್ರತಿಕ್ರಿಯಿಸುವ, ಅಂಟಿದ್ದೆಲ್ಲವನ್ನೂ ತೂಗುವ ಈ ಉಪಕರಣವನ್ನು ರೋಗಿಯ ಸೀರಮ್‌ನಲ್ಲಿ ಪಿಕೋಗ್ರಾಂ ಹುಡುಕಲು ಬಳಸುವುದು ಮಾತ್ರ ಸಾಹಸ. ಅಂತಿಮ ಸೆನ್ಸರ್ ಯಾವುದೇ ಇರಲಿ, ಹಿಡಿಯುವ ಅಣುವಿನ ಆಯ್ಕೆಗೆ ಇದನ್ನು ಬಳಸಿಕೊಳ್ಳಿ. ಸ್ಫಟಿಕದ ಕಂಪನದಿಂದ ತೂಕ ಅಳೆಯುವ ವಿಧಾನದ ಮಾತೂ ಅಷ್ಟೇ; 5 ಮೆಗಾಹರ್ಟ್ಸ್ ಸ್ಫಟಿಕದಲ್ಲಿ 1 ಹರ್ಟ್ಸ್ ಬದಲಾವಣೆಗೆ ಚದರ ಸೆಂಟಿಮೀಟರಿಗೆ 17.7 ನ್ಯಾನೋಗ್ರಾಂ ಬೇಕು. ಕ್ಯಾನ್ಸರ್ ಪ್ರೋಟೀನುಗಳಿಗೆ ಅದು ಸಾಲದು.

ಕ್ಷೇತ್ರ ಪರಿಣಾಮ ಟ್ರಾನ್ಸಿಸ್ಟರ್‌ಗಳು, ಅದರಲ್ಲೂ ಸಿಲಿಕಾನ್ ನ್ಯಾನೋತಂತಿಗಳು, ಎಲ್ಲರ ಕಣ್ಣು ಕುಕ್ಕಿದ್ದು 2001ರಲ್ಲಿ. 2005ರಲ್ಲಿ ಹಲವು ಕ್ಯಾನ್ಸರ್ ಪ್ರೋಟೀನುಗಳನ್ನು ಒಟ್ಟಿಗೆ ಫೆಮ್ಟೋಮೋಲಾರ್ ಮಟ್ಟದಲ್ಲಿ ಅಳೆದ ವರದಿಯೂ ಬಂತು. ಅಣುವಿನ ವಿದ್ಯುದಾವೇಶವನ್ನು ನೇರವಾಗಿ ಗ್ರಹಿಸುವ ಈ ತಂತಿಗಳು ಸಿದ್ಧಾಂತದಲ್ಲಿ ಬಲು ಚೆಲುವು. ಅಡ್ಡಿ ಬರುವುದು ಉಪ್ಪು. ರಕ್ತದಷ್ಟು ಉಪ್ಪಿರುವ ದ್ರಾವಣದಲ್ಲಿ ಅಯಾನುಗಳು ಆವೇಶವನ್ನು 0.8 ನ್ಯಾನೋಮೀಟರ್ ದೂರದೊಳಗೇ ಮರೆಮಾಡುತ್ತವೆ. ಪ್ರತಿಕಾಯದ ಉದ್ದವೇ 10 ನ್ಯಾನೋಮೀಟರ್ ಆಸುಪಾಸು. ಅದರ ತುದಿಯಲ್ಲಿ ಗುರಿ ಅಣು ಬಂದು ಕೂತರೂ ತಂತಿಗೆ ಅದರ ಸುಳಿವು ಅಷ್ಟಾಗಿ ಸಿಗದು. ನೂರುಪಟ್ಟು ತೆಳುಗೊಳಿಸಿದರೆ ಈ ದೂರ ಸುಮಾರು 8 ನ್ಯಾನೋಮೀಟರ್‌ಗೆ ಹಿಗ್ಗುತ್ತದೆ, ಆದರೆ ಗುರಿ ಅಣುವೂ ನೂರುಪಟ್ಟು ತೆಳುವಾಗುತ್ತದೆ. ಆದ್ದರಿಂದ ಉಪ್ಪು ತೆಗೆಯುವ ಹಂತ, ಇಲ್ಲವೇ ಗಿಡ್ಡ ಪ್ರತಿಕಾಯ ತುಣುಕು ಅಥವಾ ಆಪ್ಟಮರ್ ಬೇಕು. ಇನ್ನೊಂದು ಮಾತು: ತಂತಿ ಚಿಕ್ಕದಾದಷ್ಟೂ ಅಣುಗಳು ಅದರವರೆಗೆ ತೇಲಿ ಬಂದು ಮುಟ್ಟುವುದೇ ತಡ. ಕಲಕದೆ ಬಿಟ್ಟ ಫೆಮ್ಟೋಮೋಲಾರ್ ದ್ರಾವಣದಲ್ಲಿ ಅದಕ್ಕೆ ಗಂಟೆಗಳಿಂದ ದಿನಗಳವರೆಗೂ ಹಿಡಿಯಬಹುದು. ಸಾಧನ ಭೌತಶಾಸ್ತ್ರದಲ್ಲಿ ಆಸಕ್ತಿಯಿದ್ದವರು ಇದನ್ನು ಆರಿಸಿಕೊಳ್ಳಲಿ. ಮೂರು ವರ್ಷದಲ್ಲಿ ಕ್ಲಿನಿಕ್ ಮುಟ್ಟಬೇಕೆನ್ನುವವರು ಬೇಡ.

ನಿಜಕ್ಕೂ ಅತ್ಯಂತ ಕಡಿಮೆ ಸಾಂದ್ರತೆಯೇ ಬೇಕಾದಾಗ ಡಿಜಿಟಲ್ ಎಣಿಕೆಗೆ ಎದುರಿಲ್ಲ. 2010ರಲ್ಲಿ ಪ್ರಕಟವಾದ ವಿಧಾನದಲ್ಲಿ ಸುಮಾರು 50 ಫೆಮ್ಟೋಲೀಟರ್ ಗಾತ್ರದ ಸಾವಿರಾರು ಗುಳಿಗಳಿರುತ್ತವೆ. ಒಂದೊಂದರಲ್ಲಿ ಒಂದೊಂದು ಮಣಿ. ಮಣಿಯ ಮೇಲೆ ಒಂದೇ ಸ್ಯಾಂಡ್‌ವಿಚ್ ಇದ್ದರೂ ಆ ಪುಟ್ಟ ಗುಳಿಯಲ್ಲಿ ಹೊಳಪು ಗಟ್ಟಿಯಾಗುತ್ತದೆ. ಆಮೇಲೆ ಹೊಳೆಯುವ ಗುಳಿಗಳನ್ನು ಎಣಿಸಿದರಾಯಿತು. ಎಷ್ಟು ಪ್ರಕಾಶ ಎಂದು ಅಳೆಯುವ ಬದಲು ಇದೆಯೇ ಇಲ್ಲವೇ ಎಂದು ಕೇಳುವುದರಿಂದ ಗದ್ದಲ ಕಡಿಮೆ. ಶಸ್ತ್ರಚಿಕಿತ್ಸೆಯ ನಂತರದ ಪಿಎಸ್‌ಎಗೆ ಹೊಂದುವುದು ಇಂಥದ್ದು. ಉಪಕರಣ ದೊಡ್ಡದು, ಕೇಂದ್ರ ಪ್ರಯೋಗಾಲಯಕ್ಕೆ ಸೀಮಿತ. ಡಿಎನ್‌ಎ ಹುಡುಕಾಟಕ್ಕೆ ಇದೇ ತರ್ಕದ, ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸಿ ಎಣಿಸುವ ಡಿಜಿಟಲ್ ಪಿಸಿಆರ್ ಇದೆ. ನಿರ್ದಿಷ್ಟ ಡಿಎನ್‌ಎ ಅಥವಾ ಆರ್‌ಎನ್‌ಎ ಸಾಲನ್ನು ಗುರುತಿಸುವ ಕ್ಯಾಸ್12, ಕ್ಯಾಸ್13 ಕಿಣ್ವಗಳ ಕ್ರಿಸ್ಪರ್ ವಿಧಾನಗಳು ಉಪಕರಣವನ್ನು ಕುಗ್ಗಿಸುತ್ತವೆ, ಆದರೆ ಅವಕ್ಕೂ ಸಾಮಾನ್ಯವಾಗಿ ಮೊದಲು ಪ್ರತಿಗಳನ್ನು ಹೆಚ್ಚಿಸುವ ಹಂತ ಬೇಕು.

ಚಿನ್ನದ ನ್ಯಾನೋಕಣಗಳ ಪಟ್ಟಿ ಪರೀಕ್ಷೆ, ಅಂದರೆ ಗರ್ಭಧಾರಣೆಯನ್ನು ಮನೆಯಲ್ಲೇ ನೋಡುವ ಪಟ್ಟಿಯ ಜಾತಿಯದ್ದು, ಈ ಸಾಲಿನಲ್ಲಿ ಅತ್ಯಂತ ಸರಳ. ಬರಿಗಣ್ಣಿಗೆ ಅದು ಸಾಧಾರಣವಾಗಿ ನ್ಯಾನೋಗ್ರಾಂ ಮಟ್ಟದವರೆಗೆ ಕಾಣಿಸುತ್ತದೆ. ಇದೆ ಅಥವಾ ಇಲ್ಲ ಎಂಬ ಉತ್ತರ ಸಾಕಾದ ಕಡೆ ಬೇರೇನೂ ಬೇಡ.

ನನ್ನ ಮುಂದೆ ಬಂದು ಕೇಳಿದರೆ

ಮೂತ್ರದಲ್ಲಿ ಹೇರಳವಾಗಿ ಸಿಗುವ ಪ್ರೋಟೀನು, ಹಳ್ಳಿಯ ಆರೋಗ್ಯ ಕೇಂದ್ರ, ಹೌದು–ಇಲ್ಲ ಉತ್ತರ: ಪಟ್ಟಿ ಪರೀಕ್ಷೆ. ಚಿಕಿತ್ಸೆಯ ವೇಳೆ ತಿಂಗಳಿಗೊಮ್ಮೆ ಸಿಇಎ ಅಥವಾ ಸಿಎ 15-3 ಎಂಬ ಗುರುತುಕಾರಕವನ್ನು ಅಳೆಯಬೇಕು, ವೈದ್ಯರ ಮೇಜಿನ ಮೇಲೆಯೇ ಉತ್ತರ ಬೇಕು: ಕಾಂತೀಯ ಮಣಿ, ಸ್ಯಾಂಡ್‌ವಿಚ್, ಮುದ್ರಿತ ಎಲೆಕ್ಟ್ರೋಡ್. ಸೊನ್ನೆಗೆ ಹತ್ತಿರದ ಮಟ್ಟದಲ್ಲಿ ಏರಿಕೆಯನ್ನು ಹಿಡಿಯಬೇಕು, ಉತ್ತರಕ್ಕೆ ಒಂದು ದಿನ ಕಾಯಬಹುದು: ಡಿಜಿಟಲ್ ಎಣಿಕೆ. ಗೊತ್ತಿರುವ ಒಂದೇ ರೂಪಾಂತರ ಮರಳಿದೆಯೇ ಎಂದು ನೋಡಬೇಕು: ಡಿಜಿಟಲ್ ಪಿಸಿಆರ್, ಮತ್ತು ಸಾಧ್ಯವಾದಷ್ಟು ಹೆಚ್ಚು ಪ್ಲಾಸ್ಮಾ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಾಮಾನ್ಯ ಇಡಿಟಿಎ ಕೊಳವೆಯ ರಕ್ತವನ್ನು ಕೆಲವೇ ಗಂಟೆಗಳಲ್ಲಿ ಸಂಸ್ಕರಿಸದಿದ್ದರೆ ಬಿಳಿ ರಕ್ತಕಣಗಳು ಒಡೆದು ಅವುಗಳ ಡಿಎನ್‌ಎ ಎಲ್ಲವನ್ನೂ ಮುಳುಗಿಸುತ್ತದೆ. ಆದ್ದರಿಂದ ಇಲ್ಲಿ ಕೊಳವೆಯ ಆಯ್ಕೆಯೂ ಸೆನ್ಸರ್ ಆಯ್ಕೆಯ ಭಾಗವೇ.

ನ್ಯಾನೋವಸ್ತುಗಳ ವಿಷಯ ಕೊನೆಗಿಟ್ಟಿದ್ದೇನೆ, ಏಕೆಂದರೆ ಅವುಗಳ ಸರದಿ ಬರಬೇಕಾದದ್ದೂ ಕೊನೆಗೆ. ಪತ್ತೆಮಿತಿಯನ್ನು ಸಾಮಾನ್ಯವಾಗಿ ಖಾಲಿ ಮಾದರಿಯ ಏರಿಳಿತದ ಮೂರುಪಟ್ಟನ್ನು ಇಳಿಜಾರಿನಿಂದ ಭಾಗಿಸಿ ಪಡೆಯುತ್ತಾರೆ. ಇಂಗಾಲದ ನಳಿಕೆ, ಗ್ರಾಫೀನ್, ಚಿನ್ನದ ಕಣ ಸೇರಿಸಿದಾಗ ಇಳಿಜಾರು ಏರುವುದು ನಿಜ. ಆದರೆ ಪ್ರತಿ ಎಲೆಕ್ಟ್ರೋಡಿನ ಮೇಲೂ ಅದು ಒಂದೇ ರೀತಿ ಕೂರದಿದ್ದರೆ ಏರಿಳಿತವೂ ಅಷ್ಟೇ ಏರುತ್ತದೆ. ಒಂದೇ ಎಲೆಕ್ಟ್ರೋಡಿನಲ್ಲಿ ಹತ್ತು ಬಾರಿ ಅಳೆದ ಖಾಲಿ ಮಾದರಿ ಈ ದೋಷವನ್ನು ಮುಚ್ಚಿಡುತ್ತದೆ. ಹತ್ತು ಬೇರೆ ಎಲೆಕ್ಟ್ರೋಡುಗಳಲ್ಲಿ ಅಳೆದದ್ದು ಬಯಲಿಗೆಳೆಯುತ್ತದೆ. ಯಾವುದೇ ಅಂಕಿಯನ್ನು ಒಪ್ಪುವ ಮೊದಲು ಖಾಲಿ ಮಾದರಿ ಬಫರ್ ಆಗಿತ್ತೇ, ಸೀರಮ್ ಆಗಿತ್ತೇ ಎಂದು ನೋಡಿ. ರೋಗಿಗಳ ಮಾದರಿ ಬಳಸಿದರೇ, ಅಥವಾ ಆರೋಗ್ಯವಂತರ ಸೀರಮ್‌ಗೆ ಶುದ್ಧ ಪ್ರೋಟೀನು ಬೆರೆಸಿ ಮತ್ತೆ ಅಳೆದರೇ ಎಂದೂ ನೋಡಿ.

ನೀವೇ ಕಟ್ಟುವವರಾದರೆ, ಮಾಪನ ನಕ್ಷೆ ಎಳೆಯುವುದಕ್ಕೂ ಮೊದಲು ಒಂದು ಪ್ರಯೋಗ ಮಾಡಿ. ಗುರಿ ಅಣು ಇಲ್ಲದ, ತೆಳುಗೊಳಿಸದ ಸೀರಮನ್ನು ಬೇರೆ ಬೇರೆ ದಿನ ತಯಾರಿಸಿದ ಇಪ್ಪತ್ತು ಎಲೆಕ್ಟ್ರೋಡುಗಳಲ್ಲಿ ಅಳೆಯಿರಿ. ಆಮೇಲೆ ವೈದ್ಯಕೀಯ ಗಡಿಯಷ್ಟು ಗುರಿ ಅಣು ಬೆರೆಸಿದ ಅದೇ ಸೀರಮನ್ನು ಇನ್ನಿಪ್ಪತ್ತರಲ್ಲಿ ಅಳೆಯಿರಿ. ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಹೊರಳಿದರೆ ಎಲೆಕ್ಟ್ರೋಡಿನ ನ್ಯಾನೋಕಣ ಬದಲಿಸಿ ಪ್ರಯೋಜನವಿಲ್ಲ. ಅಂಟುವಿಕೆ ತಡೆಯುವ ಲೇಪವನ್ನು ಬದಲಿಸಿ, ಅದರಿಂದಲೂ ಆಗದಿದ್ದರೆ ಪ್ರತಿಕಾಯವನ್ನು, ಆಗಲೂ ಆಗದಿದ್ದರೆ ವಿಧಾನವನ್ನೇ.